ರಾಜ್ಯಶಾಸ್ತ್ರ ಓದುತ್ತೀರಾ? ಗೈಡ್ ಬದಿಗಿಡಿ, ಪಂಚಾಯಿತಿಗೆ ಹೋಗಿ

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಏಕೆ ತೆಗೆದುಕೊಂಡಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ: ಪಾಸಾಗುವುದು ಸುಲಭ, ಇಲ್ಲವೇ ಐಎಎಸ್, ಕೆಎಎಸ್‌ಗೆ ಅನುಕೂಲ. ಹೀಗೆ ಸೇರಿದವರು ಮೂರು ವರ್ಷ ಗೈಡ್ ಉರುಹೊಡೆದು, ಸಂವಿಧಾನದ ಒಂದು ವಿಧಿಯನ್ನೂ ಪೂರ್ತಿ ಓದದೆ ಹೊರಬರುವುದನ್ನು ಕಂಡರೆ ಸಂಕಟವಾಗುತ್ತದೆ. ಅಧಿಕಾರ ಯಾರ ಕೈಯಲ್ಲಿದೆ, ಅದು ಅವರಿಗೆ ಹೇಗೆ ಬಂತು, ತಪ್ಪಿದರೆ ಕೇಳುವವರು ಯಾರು ಎಂದು ವಿಚಾರಿಸುವ ಶಾಸ್ತ್ರವಿದು. ಈ ವರ್ಷ ಸೇರುವವರು ಅದನ್ನು ಮನಸ್ಸಿಟ್ಟು ಓದಲಿ ಎಂಬ ಆಸೆಯಿಂದ ಈ ಬರಹ.

ಸೇರುವ ಮುನ್ನ

ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ ಓದಿದವರೂ ಬಿ.ಎ.ಗೆ ಬರಬಹುದು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ; ಅರ್ಜಿ ಹಾಕುವುದು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಜೊತೆಗೆ ಯಾವ ವಿಷಯ ಎಂದು ಕೇಳುವವರಿಗೆ ನಾನು ಅರ್ಥಶಾಸ್ತ್ರ ಎನ್ನುತ್ತೇನೆ. ಬಜೆಟ್ ಓದಲು ಬಾರದವರಿಗೆ ಸರ್ಕಾರ ಪೂರ್ತಿ ಅರ್ಥವಾಗುವುದಿಲ್ಲ. ಕಾಲೇಜು ನೋಡಲು ಹೋದಾಗ ಕಟ್ಟಡಕ್ಕಿಂತ ಮೊದಲು ಗ್ರಂಥಾಲಯ ನೋಡಿ.

ದೆಹಲಿ ವಿಶ್ವವಿದ್ಯಾಲಯದಂಥ ಕೇಂದ್ರೀಯ ಸಂಸ್ಥೆಗೆ ಹೋಗುವ ಮನಸ್ಸಿದ್ದರೆ ಸಿಯುಇಟಿ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಹಳ್ಳಿಯ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಒಂದು ಎಚ್ಚರಿಕೆ: ಅದರ ಪಠ್ಯಕ್ರಮ ಎನ್‌ಸಿಇಆರ್‌ಟಿಯದು. ನಮ್ಮ ಪಿಯು ಪುಸ್ತಕವೊಂದನ್ನೇ ನಂಬಿ ಹೋದರೆ ಸಾಲದು. ಎನ್‌ಸಿಇಆರ್‌ಟಿಯ 12ನೇ ತರಗತಿಯ ರಾಜ್ಯಶಾಸ್ತ್ರದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಓದಿ ಮುಗಿಸಿ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಅರ್ಹತೆಯ ನಿಯಮ ಬೇರೆಯಾಗಿರುತ್ತದೆ. ಹಾಗಾಗಿ ಯಾವ ಪತ್ರಿಕೆ ಆಯ್ದುಕೊಳ್ಳಬೇಕೆಂದು ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಬೇಕು.

ಓದುವುದು ಹೇಗೆ?

ಒಂದೇ ಒಂದು ವಿಷಯವನ್ನು ಹಿಡಿದು ಬುಡದವರೆಗೆ ಹೋಗಿ. ಗ್ರಾಮ ಸ್ವರಾಜ್ಯವನ್ನೇ ತೆಗೆದುಕೊಳ್ಳೋಣ. ಗೈಡಿನಲ್ಲಿ ಅದು ಐದು ಅಂಕದ ಟಿಪ್ಪಣಿ. ಸಂವಿಧಾನ ಸಭೆಯ ಚರ್ಚೆಗಳನ್ನು ತೆರೆದರೆ ಅದೊಂದು ದೊಡ್ಡ ಜಗಳ. 1948ರ ನವೆಂಬರ್ 4ರಂದು ಕರಡು ಮಂಡಿಸಿದ ಅಂಬೇಡ್ಕರ್, ಹಳ್ಳಿಯನ್ನು ಆಡಳಿತದ ಘಟಕ ಮಾಡದಿದ್ದುದೇ ಒಳ್ಳೆಯದಾಯಿತು ಎಂದು ಖಡಾಖಂಡಿತವಾಗಿ ಹೇಳಿದರು. ಹಳ್ಳಿಯ ಜಾತಿ ಕ್ರೌರ್ಯವನ್ನು ಉಂಡವರ ಮಾತದು. ಹಲವು ಸದಸ್ಯರು ಅದಕ್ಕೆ ಸಿಡಿದೆದ್ದರು. ಅದೇ ತಿಂಗಳು ತಿದ್ದುಪಡಿಯೊಂದು ಬಂದು, ಪಂಚಾಯಿತಿಗಳನ್ನು ಸಂಘಟಿಸಬೇಕೆನ್ನುವ ಈಗಿನ 40ನೇ ವಿಧಿ ಸೇರಿತು. ಅಷ್ಟಕ್ಕೂ ತೃಪ್ತಿಯಾಗದೆ, ಗಾಂಧೀಜಿ ಬಯಸಿದ್ದು ಇಂಥ ಸಂವಿಧಾನವಲ್ಲ ಎಂದು 1949ರ ನವೆಂಬರ್‌ನಲ್ಲಿ ಆಕ್ಷೇಪಿಸಿದವರು ನಮ್ಮ ಕೆಂಗಲ್ ಹನುಮಂತಯ್ಯ.

ಮುಂದಿನ ಕಥೆಗೆ ಕರ್ನಾಟಕದ 1983ರ ಕಾಯ್ದೆ ಓದಿ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆಯ ಫಲವಾದ ಅದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು, ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. ದೇಶದ ಬಹುತೇಕ ರಾಜ್ಯಗಳಿಗೆ ಮೂರು ಹಂತದ ಪಂಚಾಯಿತಿಯನ್ನು ಕಡ್ಡಾಯ ಮಾಡಿದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದು ಹೆಣ್ಣುಮಕ್ಕಳ ಪಾಲನ್ನು ಮೂರನೇ ಒಂದಕ್ಕೆ ಏರಿಸಿತು.

ಇಷ್ಟು ಓದಿದ ಮೇಲೆ ನಿಮ್ಮೂರಿನ ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಬಂದವರೆಷ್ಟು, ಮಾತಾಡಿದವರು ಯಾರು, ಮಹಿಳಾ ಅಧ್ಯಕ್ಷರ ಬದಲು ಗಂಡನೋ ಮಗನೋ ಉತ್ತರಿಸುತ್ತಿದ್ದಾರೆಯೇ, ದಲಿತ ಕೇರಿಯವರು ಎಲ್ಲಿ ಕೂತಿದ್ದಾರೆ, ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಓದುವಾಗ ಗದ್ದಲ ಎಲ್ಲಿಂದ ಎದ್ದಿತು ಎಂಬುದನ್ನೆಲ್ಲ ಬರೆದುಕೊಳ್ಳಿ. ಆಮೇಲೆ ಪಿಡಿಒ ಹತ್ತಿರ ಸಭೆಯ ನಡಾವಳಿ ಪ್ರತಿ ಕೇಳಿ. ಸತಾಯಿಸಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಿಮ್ಮ ಟಿಪ್ಪಣಿಯನ್ನೂ ನಡಾವಳಿಯನ್ನೂ ಎದುರುಬದುರು ಇಟ್ಟು ಓದಿ, ಎರಡರ ನಡುವಿನ ವ್ಯತ್ಯಾಸವನ್ನು ನಾಲ್ಕು ಪುಟ ಬರೆಯಿರಿ. ಅಂಬೇಡ್ಕರ್ ಆತಂಕ ನಿಜವಾಗಿದೆಯೇ, ನಜೀರ್ ಸಾಬರ ನಂಬಿಕೆ ಗೆದ್ದಿದೆಯೇ ಎಂಬುದಕ್ಕೆ ನಿಮ್ಮದೇ ಉತ್ತರ ಸಿಗುತ್ತದೆ. ಪೇಟೆಯವರು ಇದನ್ನೇ ನಗರಸಭೆಯಲ್ಲಿ ಮಾಡಬಹುದು.

ಬೆಂಗಳೂರಿನಲ್ಲಿ ಓದುವವರಿಗೆ ಇನ್ನೊಂದು ಸೌಲಭ್ಯವಿದೆ. ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಅವರ ‘ರಾಜ್ಯಶಾಸ್ತ್ರ’ ಪುಸ್ತಕದಿಂದಲೇ ಶುರು ಮಾಡಿ. ಈ ಶಾಸ್ತ್ರವನ್ನು ಕನ್ನಡದಲ್ಲಿ ಎಷ್ಟು ತಿಳಿಯಾಗಿ ಹೇಳಬಹುದೆಂಬುದು ಆಗ ಗೊತ್ತಾಗುತ್ತದೆ.

ಪದವಿಯ ನಂತರ

ಅಧ್ಯಾಪಕರಾಗಬೇಕಾದರೆ ಎಂ.ಎ. ಮಾಡಿ ನೆಟ್ ಅಥವಾ ಕೆಸೆಟ್ ಪಾಸಾಗಬೇಕು. ಆಡಳಿತ, ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳ ಕಡೆ ಒಲವಿರುವವರಿಗೆ ಸಾರ್ವಜನಿಕ ನೀತಿಯ ಕೋರ್ಸ್‌ಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಎರಡು ವರ್ಷದ ಸ್ನಾತಕೋತ್ತರ ಪದವಿ ನಡೆಯುತ್ತಿದೆ. ಯುಪಿಎಸ್‌ಸಿಯಲ್ಲಿ ‘ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು’ ಐಚ್ಛಿಕ ವಿಷಯ. ತಲಾ 250 ಅಂಕಗಳ ಎರಡು ಪತ್ರಿಕೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಐಚ್ಛಿಕ ವಿಷಯದ ಪ್ರಶ್ನೆ ಬರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ನೆಟ್ ಪ್ರಶ್ನೆಪತ್ರಿಕೆಯೂ ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿದ ಬುದ್ಧಿವಂತ ಮಕ್ಕಳು ವಿಷಯ ಗೊತ್ತಿದ್ದೂ ಎಡವುವುದು ಇಲ್ಲಿಯೇ, ಮತ್ತು ಇದು ಅನ್ಯಾಯ. ಅದು ಸರಿಹೋಗುವವರೆಗೆ ಕಾಯುತ್ತ ಕೂರುವಂತಿಲ್ಲ. ಸಂವಿಧಾನದ ಕನ್ನಡ ಪ್ರತಿಯನ್ನೂ ಇಂಗ್ಲಿಷ್ ಪ್ರತಿಯನ್ನೂ ಒಟ್ಟಿಗೆ ಇಟ್ಟುಕೊಂಡು, ಬಿ.ಎ. ಮೊದಲ ಸೆಮಿಸ್ಟರ್‌ನಿಂದಲೇ ದಿನಕ್ಕೊಂದು ವಿಧಿಯನ್ನು ಎರಡೂ ಭಾಷೆಯಲ್ಲಿ ಓದುತ್ತ ಬನ್ನಿ. ಮೂಲಭೂತ ಹಕ್ಕುಗಳ ಮೂರನೇ ಭಾಗದಿಂದ ಆರಂಭಿಸಿದರೆ ಒಳ್ಳೆಯದು.