ದೂರವಾಣಿಯ ಲೈನ್ ಕಾರ್ಡು: ಜೋಡಣೆ ಮತ್ತು ಪರೀಕ್ಷೆ

ಮನೆಯ ವಿದ್ಯುತ್ತು ನಿಂತಾಗ ದೀಪ ಆರುತ್ತದೆ, ಬೀಸಣಿಗೆ ಸ್ತಬ್ಧವಾಗುತ್ತದೆ. ಆದರೆ ತಾಮ್ರದ ತಂತಿಯ ದೂರವಾಣಿಯನ್ನು ಕೈಗೆತ್ತಿಕೊಂಡರೆ ಎಂದಿನ ನಾದವು ಕೇಳಿಬರುತ್ತದೆ. ಅದನ್ನು ನಡೆಸುವ ವಿದ್ಯುತ್ತು ನಮ್ಮ ಮನೆಯದಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ, ಮಾತನ್ನು ಸಾಗಿಸುವ ಆ ಎರಡು ತಂತಿಗಳ ಮೂಲಕವೇ ಅದು ಬರುತ್ತದೆ. ಈ ಜೋಡಿತಂತಿಯು ಎಕ್ಸ್‌ಚೇಂಜಿನ ಯಂತ್ರವನ್ನು ಮುಟ್ಟುವ ಫಲಕಕ್ಕೆ ಲೈನ್ ಕಾರ್ಡು ಎಂದು ಹೆಸರು. ಅದನ್ನು ಜೋಡಿಸಿ ಪರೀಕ್ಷಿಸುವ ಕ್ರಮವನ್ನು ಅರಿತರೆ, ನಾವು ತರಗತಿಯಲ್ಲಿ ಕಲಿತ ಓಮ್‌ನ ನಿಯಮವು ಎಷ್ಟು ದೂರ ಕೆಲಸಮಾಡುತ್ತದೆಂಬುದು ತಿಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ನಾಡಿಗೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದರ ಸಾಮರ್ಥ್ಯ 128 ಜೋಡಣೆಗಳು. ಹವಾನಿಯಂತ್ರಣವಿಲ್ಲದ ಸಾಧಾರಣ ಕೊಠಡಿಯಲ್ಲಿಯೂ ಅದು ನಡೆಯುವಂತಿತ್ತು. ಇಂತಹ ಯಂತ್ರದ ಒಂದು ಕಾರ್ಡಿನಲ್ಲಿ 8 ಲೈನುಗಳಿರುತ್ತವೆ. ಆದುದರಿಂದ ಒಂದು ಕಾರ್ಡು ಕೆಟ್ಟರೆ 8 ಕಡೆ ಮಾತು ನಿಂತಂತೆ. ಅವುಗಳಲ್ಲಿ ಒಂದು ಆಸ್ಪತ್ರೆಯದಾಗಿದ್ದರೆ ಪರಿಣಾಮವೇನೆಂದು ಹೇಳಬೇಕಾದುದಿಲ್ಲ.

ಏಳು ಕೆಲಸಗಳು

ಲೈನ್ ಕಾರ್ಡು ಏಳು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು 48 ವೋಲ್ಟಿನ ಬ್ಯಾಟರಿಯಿಂದ ತಂತಿಗೆ ವಿದ್ಯುತ್ತನ್ನು ಒದಗಿಸುವುದು. ಬ್ಯಾಟರಿಯ ಧನಧ್ರುವವನ್ನು ಭೂಮಿಗೆ ಸೇರಿಸಿ, ತಂತಿಯನ್ನು ಋಣ ವಿಭವದಲ್ಲಿ ಇಡುತ್ತಾರೆ. ಇದರಿಂದ ತೇವವುಳ್ಳ ನೆಲದಲ್ಲಿ ವಿದ್ಯುದ್ವಿಭಜನೆಯಾಗಿ ತಾಮ್ರವು ಸವೆಯುವುದು ತಪ್ಪುತ್ತದೆ. ಎರಡನೆಯದು ಸಿಡಿಲು ಮೊದಲಾದವುಗಳ ಅಧಿಕ ವೋಲ್ಟೇಜಿನಿಂದ ರಕ್ಷಣೆ. ಮೂರನೆಯದು ಗಂಟೆ ಬಾರಿಸುವುದು. ಇದಕ್ಕೆ ಸಾಮಾನ್ಯವಾಗಿ 75ರಿಂದ 90 ವೋಲ್ಟಿನ, ಸೆಕೆಂಡಿಗೆ 20ರಿಂದ 25 ಆವರ್ತನೆಗಳ ಪರ್ಯಾಯ ವಿದ್ಯುತ್ತು ಬೇಕು. ನಾಲ್ಕನೆಯದು ಚಂದಾದಾರನು ರಿಸೀವರನ್ನು ಎತ್ತಿದನೇ ಇಟ್ಟನೇ ಎಂಬುದನ್ನು ಗಮನಿಸುವುದು. ಐದನೆಯದು ಮಾತನ್ನು ಅಂಕಿಗಳಾಗಿ ಮಾರ್ಪಡಿಸುವುದು: ಧ್ವನಿಯ ತರಂಗವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ, ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಆರನೆಯದು ಎರಡೇ ತಂತಿಗಳಲ್ಲಿ ಹೋಗುವ ಮಾತನ್ನೂ ಬರುವ ಮಾತನ್ನೂ ಬೇರ್ಪಡಿಸುವುದು. ಏಳನೆಯದು ಪರೀಕ್ಷೆಗೆ ದಾರಿಮಾಡಿಕೊಡುವುದು. ಈ ಏಳರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಎಂಜಿನಿಯರುಗಳು ‘ಬೋರ್ಶ್ಟ್’ ಎಂಬ ಪದವನ್ನು ಮಾಡಿಕೊಂಡಿದ್ದಾರೆ. ಅದು ಉಕ್ರೇನಿನ ಬೀಟ್‌ರೂಟ್ ಸಾರಿನ ಹೆಸರು!

ಜೋಡಣೆ

ಕಾರ್ಡನ್ನು ಮುಟ್ಟುವ ಮೊದಲು ಭೂಮಿಗೆ ಸೇರಿದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಒಣಹವೆಯಲ್ಲಿ ನಡೆದಾಡಿದ ಮನುಷ್ಯನ ಮೈಯಲ್ಲಿ 5,000 ವೋಲ್ಟಿನಷ್ಟು ಸ್ಥಿರವಿದ್ಯುತ್ತು ಸೇರುವುದು ಅಪರೂಪವಲ್ಲ. ದೇಹದ ಧಾರಕತೆಯನ್ನು 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಅದರಲ್ಲಿನ ಶಕ್ತಿಯು ಸುಮಾರು 1.25 ಮಿಲಿಜೌಲ್. ಇದು ನಮಗೆ ಒಂದು ಚುಚ್ಚು ಮಾತ್ರ. ಕಾರ್ಡಿನ ಸೂಕ್ಷ್ಮ ಮಂಡಲಗಳಿಗೆ ಮರಣಾಂತಿಕ. ಆದುದರಿಂದ ಕಾರ್ಡನ್ನು ಅಂಚಿನಲ್ಲಿ ಹಿಡಿದು, ಬಗೆ ಮತ್ತು ಸ್ಥಾನಸಂಖ್ಯೆಗಳನ್ನು ತಾಳೆನೋಡಿ, ಗಾಡಿಯಲ್ಲಿ ನೇರವಾಗಿ ಸರಿಸಿ, ಸಮನಾಗಿ ಒತ್ತಿ ಕೂರಿಸಬೇಕು. ಓರೆಯಾಗಿ ನೂಕಿದರೆ ಹಿಂಬದಿಯ ಮೊಳೆಗಳು ಬಾಗುತ್ತವೆ. ಅನಂತರ ಯಾವ ದ್ವಾರಕ್ಕೆ ಯಾವ ದೂರವಾಣಿ ಸಂಖ್ಯೆಯೆಂಬುದನ್ನು ಎಕ್ಸ್‌ಚೇಂಜಿನ ಗಣಕಕ್ಕೆ ತಿಳಿಸಬೇಕು.

ಪರೀಕ್ಷೆ

ಪರೀಕ್ಷೆಯ ಮೂಲಸೂತ್ರವು ಒಂದೇ: ಒಳಗನ್ನು ಹೊರಗಿನಿಂದ ಬೇರ್ಪಡಿಸಿ ನೋಡಬೇಕು. ಹೊರಗಿನ ತಂತಿಗಳೂ ಕಾರ್ಡಿನ ತಂತಿಗಳೂ ಕೂಡುವ ಮುಖ್ಯ ವಿತರಣಾ ಚೌಕಟ್ಟಿನಲ್ಲಿ ಹೊರತಂತಿಯನ್ನು ಬಿಡಿಸಿ, ಮೊದಲು ಕಾರ್ಡನ್ನು ಮಾತ್ರ ಪರೀಕ್ಷಿಸುತ್ತಾರೆ. ತೆರೆದ ತುದಿಗಳಲ್ಲಿ ಸುಮಾರು 48 ವೋಲ್ಟ್ ಇರಬೇಕು. ಪರೀಕ್ಷಾ ದೂರವಾಣಿಯನ್ನು ಸೇರಿಸಿ ಎತ್ತಿದಾಗ ಪ್ರವಾಹ ಹರಿದು, ನಾದ ಕೇಳಬೇಕು. ಬೇರೆ ಸಂಖ್ಯೆಯಿಂದ ಕರೆದಾಗ ಗಂಟೆ ಬಾರಿಸಬೇಕು, ಎತ್ತಿದೊಡನೆ ನಿಲ್ಲಬೇಕು. ಗಂಟೆಯ ಸಮಯದಲ್ಲಿ ಬರಿಯ ತುದಿಗಳನ್ನು ಮುಟ್ಟಿದವರಿಗೆ ಬಲವಾದ ಆಘಾತವಾಗುತ್ತದೆಂಬುದನ್ನು ಮರೆಯಬಾರದು. ಕೊನೆಗೆ 600 ಓಮ್‌ನ ರೋಧಕ್ಕೆ 1 ಮಿಲಿವಾಟ್, ಎಂದರೆ 0.775 ವೋಲ್ಟಿನ ಸ್ವರವನ್ನು ಕೊಟ್ಟು, ಅದು ಆಚೆ ಎಷ್ಟು ಕ್ಷೀಣಿಸಿ ತಲುಪುತ್ತದೆಂದು ಅಳೆಯುತ್ತಾರೆ.

ಈಗ ಹೊರತಂತಿಯ ಸರದಿ. ಅರ್ಧ ಮಿಲಿಮೀಟರ್ ವ್ಯಾಸದ ತಾಮ್ರದ ಜೋಡಿತಂತಿಗೆ, ಹೋಗುವ ಬರುವ ದಾರಿಗಳೆರಡೂ ಸೇರಿ, ಕಿಲೋಮೀಟರಿಗೆ ಸುಮಾರು 175 ಓಮ್ ರೋಧವಿರುತ್ತದೆ. ಮನೆಯು 3 ಕಿಲೋಮೀಟರ್ ದೂರವಿದ್ದರೆ ತಂತಿಯದು 525 ಓಮ್. ದೂರವಾಣಿಗೆ 200, ಕಾರ್ಡಿನ ರೋಧಕಗಳಿಗೆ 400 ಎಂದಿಟ್ಟುಕೊಂಡರೆ ಮೊತ್ತ 1,125 ಓಮ್. ಆಗ 48 ವೋಲ್ಟಿಗೆ ಹರಿಯುವ ಪ್ರವಾಹ ಸುಮಾರು 43 ಮಿಲಿಆಂಪಿಯರ್. ಅಳೆದಾಗ ಇದಕ್ಕಿಂತ ಬಹಳ ಕಡಿಮೆ ಬಂದರೆ, ಎಲ್ಲಿಯೋ ಒಂದು ಕೂಡು ಸಡಿಲವಾಗಿದೆಯೆಂದು ಶಂಕಿಸಬೇಕು. ಎರಡು ತಂತಿಗಳು ದಾರಿಯಲ್ಲೇ ಒಂದನ್ನೊಂದು ಮುಟ್ಟಿ, ಕಾರ್ಡಿನಿಂದ ಬಿಡಿಸಿದ ತುದಿಯಲ್ಲಿ 350 ಓಮ್ ತೋರಿಸಿದರೆ ದೋಷವು ಎಷ್ಟು ದೂರದಲ್ಲಿದೆ? ಭಾಗಿಸಿದರೆ ಉತ್ತರ 2 ಕಿಲೋಮೀಟರ್. ನೆಲವನ್ನು ಎಲ್ಲಿ ಅಗೆಯಬೇಕೆಂಬುದನ್ನು ಓಮ್‌ನ ನಿಯಮವೇ ಹೇಳುತ್ತದೆ.

ಅವಸರದ ತೀರ್ಪು

ಲೈನು ಮೂಕವಾದೊಡನೆ ಕಾರ್ಡನ್ನು ದೂಷಿಸಿ ಹೊಸದನ್ನು ಹಾಕುವುದು ಸುಲಭ. ಆದರೆ ಮಳೆನೀರು ಹೊಕ್ಕ ಕೇಬಲ್ಲು ದೋಷಿಯಾಗಿದ್ದರೆ ಹೊಸ ಕಾರ್ಡೂ ಕೆಟ್ಟಂತೆಯೇ ತೋರುತ್ತದೆ. ಚೌಕಟ್ಟಿನ ಸಿಡಿಲುರಕ್ಷಕಕ್ಕೆ ಭೂಮಿಯ ಸಂಬಂಧ ಕಡಿದಿದ್ದರಂತೂ ಹಳೆಯದನ್ನು ಸುಟ್ಟ ಕಾರಣವೇ ಹೊಸದನ್ನೂ ಸುಡುತ್ತದೆ. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಬೇರೆ, ಬೇರ್ಪಡಿಸಿ ಅಳೆದು ನಿಶ್ಚಯಿಸುವುದು ಬೇರೆ. ವಿಜ್ಞಾನವು ಎರಡನೆಯದು.

ಇಂದು ಅನೇಕ ಮನೆಗಳಿಗೆ ತಾಮ್ರದ ಬದಲು ಗಾಜಿನ ಎಳೆಯು ಬಂದಿದೆ. ಗಾಜಿನಲ್ಲಿ ಬೆಳಕು ಹರಿಯುವುದೇ ಹೊರತು ಬ್ಯಾಟರಿಯ ಪ್ರವಾಹವಲ್ಲ. ಲೈನ್ ಕಾರ್ಡಿನ ಕೆಲಸಗಳು ಈಗ ಮನೆಯ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯೊಳಗೆ ನಡೆಯುತ್ತವೆ. ದೂರವಾಣಿಗೆ ವಿದ್ಯುತ್ತನ್ನು ಕೊಡುವುದೂ ಗಂಟೆ ಬಾರಿಸುವುದೂ ಆ ಪೆಟ್ಟಿಗೆಯೇ. ಮನೆಯ ವಿದ್ಯುತ್ತು ನಿಂತಾಗ, ಬೇರೆ ಬ್ಯಾಟರಿಯ ಆಸರೆಯಿಲ್ಲದಿದ್ದರೆ, ಈ ದೂರವಾಣಿಯೂ ಮೂಕವಾಗುವುದೇಕೆಂಬುದು ವಾಚಕರಿಗೆ ಈಗ ಸ್ಪಷ್ಟವಾಗಿರಬೇಕು.