ಬೆಳಗಿನ ಜಾವದ ಕೆಂಪು ದೀಪ

ಚನ್ನಗಿರಿ ತಾಲ್ಲೂಕಿನ ಟವರ್ ಟೆಕ್ನಿಶಿಯನ್ ಒಬ್ಬರ ಪ್ರಶ್ನೆ: ಅವರ ಮೈಕ್ರೋವೇವ್ ಲಿಂಕ್ ಶಾಂತಿಸಾಗರ ಕೆರೆಯ ನೀರಿನ ಮೇಲೆ ಹಾದುಹೋಗುತ್ತದೆ. ಚಳಿಗಾಲದ ಬೆಳಗಿನ ಜಾವ ಅಲಾರಂ ಬಂದು, ಬಿಸಿಲೇರಿದರೆ ತಾನೇ ಹೋಗುತ್ತದೆ. ಕಾರ್ಡ್ ಬದಲಿಸಬೇಕೆ?

ಬೇಡ, ಈಗಲೇ ಕಾರ್ಡ್‌ಗೆ ಕೈಹಾಕಬೇಡಿ. ಕೆಂಪು ದೀಪ ನೋಡಿದರೆ ಸಾಲದು, ಪಟ್ಟಿ ತೆರೆದು ಅಲಾರಂನ ಹೆಸರು ಓದಿ. ಇ1 ಪೋರ್ಟಿನಲ್ಲಿ ಎಲ್‌ಒಎಸ್ ಇದ್ದರೆ ರ್‍ಯಾಕಿನ ಕೇಬಲ್ಲಿನಿಂದ ಸಿಗ್ನಲ್ಲೇ ಬರುತ್ತಿಲ್ಲ. ಎಐಎಸ್ ಇದ್ದರೆ ತೊಂದರೆ ಇನ್ನೂ ಹಿಂದೆಲ್ಲೋ ಇದೆ. ನಿಮ್ಮ ಪೋರ್ಟ್ ನಿರಪರಾಧಿ. ಆರ್‌ಎಸ್‌ಎಲ್ (ಬಂದು ತಲುಪುವ ಸಿಗ್ನಲ್‌ನ ಮಟ್ಟ) ಕುಸಿತ ಅಥವಾ ಬಿಇಆರ್ (ಬಿಟ್ ದೋಷದ ಪ್ರಮಾಣ) ಎಂದಿದ್ದರೆ ಮಾತ್ರ ಗಾಳಿಯ ದಾರಿಯನ್ನು ಅನುಮಾನಿಸಿ.

ನಿಮ್ಮದು ಬಹುಶಃ ಗಾಳಿಯ ದಾರಿಯ ತೊಂದರೆಯೇ. ಗಾಳಿಯಾಡದ ಚಳಿರಾತ್ರಿಯಲ್ಲಿ ನೆಲದ ಬಳಿ ತಂಪು, ಮೇಲೆ ಬೆಚ್ಚನೆಯ ಪದರ ಕೂತು ಕಿರಣ ಬಾಗುತ್ತದೆ. ಕೆರೆಯಿಂದ ಪುಟಿದ ಕಿರಣವೂ ಸೇರಿ ನೇರ ಕಿರಣವನ್ನೇ ತಿಂದುಹಾಕುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯ ನೀರು ನಿಂತ ಗದ್ದೆಗಳೂ ಹೀಗೆ ಕಾಡಬಲ್ಲವು. ಜಗಳೂರಿನ ಒಣ ಬಯಲಲ್ಲಿ ಪ್ರತಿಫಲನ ಕಡಿಮೆ.

ಒಂದು ವಾರ ಬೆಳಿಗ್ಗೆ 5ಕ್ಕೆ, ಮಧ್ಯಾಹ್ನ 12ಕ್ಕೆ ಆರ್‌ಎಸ್‌ಎಲ್ ಬರೆದಿಡಿ. ಲಿಂಕ್ ಹಾಕಿದಾಗಿನ ವರದಿಯಲ್ಲಿ ಮೈನಸ್ 40 ಡಿಬಿಎಂ ಇದ್ದು, ಈಗ ನಡುಮಧ್ಯಾಹ್ನವೂ ಮೈನಸ್ 50 ತೋರಿಸಿದರೆ ಡಿಶ್ ಸರಿದಿರಬಹುದು. ಮಧ್ಯಾಹ್ನ ಸರಿಯಿದ್ದು ಜಾವದಲ್ಲಷ್ಟೇ ಬಿದ್ದರೆ ಕಾರ್ಡ್ ಬದಲಿಸುವುದು ದುಡ್ಡು ದಂಡ.

ಪರೀಕ್ಷೆಗೆಂದು ಲೂಪ್‌ಬ್ಯಾಕ್ ಹಾಕಿದರೆ ಟ್ರಾಫಿಕ್ ನಿಲ್ಲುತ್ತದೆ, ಮೊದಲು ಕಂಟ್ರೋಲ್ ರೂಮಿಗೆ ತಿಳಿಸಿ. ಐಎಫ್ ಕೇಬಲ್ಲಿನಲ್ಲಿ ಟವರ್ ಮೇಲಿನ ಘಟಕಕ್ಕೆ ವಿದ್ಯುತ್ತೂ ಹೋಗುತ್ತದೆ. ಆಫ್ ಮಾಡದೆ ಬಿಚ್ಚಬೇಡಿ.

ಡಿಶ್ ಎತ್ತರ ಬದಲಿಸುವುದು, ಎರಡನೇ ಡಿಶ್ ಕಟ್ಟುವುದು ಲಿಂಕ್ ಪ್ಲಾನಿಂಗ್ ಎಂಜಿನಿಯರ್ ಕೆಲಸ. ಬರೆದಿಟ್ಟ ಅಂಕಿಗಳನ್ನು ಅವರಿಗೆ ಕಳುಹಿಸಿ. ತರಬೇತಿಯಿಲ್ಲದೆ ನೀವೇ ಟವರ್ ಹತ್ತಬೇಡಿ.