ಇಳುಕಲಿಗೆ ಮೊದಲೇ ಗೇರ್: ಜತ್ತ ಭಾಗದ ಆಟೋಮ್ಯಾಟಿಕ್ ವಾಹನ ಚಾಲಕರಿಗೆ ಸೂಚನೆ

ಗುಹಾಗರ–ವಿಜಯಪುರ ಹೆದ್ದಾರಿಯಲ್ಲಿ ಹೋಗಿಬರುವಷ್ಟೇ ಕೆಲಸವಿದ್ದವರಿಗೆ ಈ ಸೂಚನೆ ಬೇಕಿಲ್ಲ. ಡಾಂಬರು ಬಿಟ್ಟು ಹೊಲದ ಹಾದಿ, ಗುಡ್ಡದ ಹಾದಿ, ಹಳ್ಳದ ದಂಡೆ ಹಿಡಿಯುವವರು ಓದಬೇಕು. ಸಂಖ, ಉಮದಿ, ದರೀಬಡಚಿ, ಮುಚ್ಚಂಡಿ ಕಡೆಯ ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಗಾಡಿ ಇಳಿಸುವವರು, ಪವನಚಕ್ಕಿಗಳ ಬುಡಕ್ಕೆ ಹೋಗುವವರು, ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಗುಡ್ಡಾಪುರದ ದಾನಮ್ಮನ ಗುಡಿಗೆ ಒಳಹಾದಿ ಹುಡುಕುವವರು, ಎಲ್ಲರಿಗೂ ಇದು ಅನ್ವಯ. ವರ್ಷಗಟ್ಟಲೆ ಕ್ಲಚ್ ಗಾಡಿ ಓಡಿಸಿ ಈಗ ಆಟೋಮ್ಯಾಟಿಕ್ ಕೊಂಡವರು ಎರಡು ಸಲ ಓದಿರಿ. ಕಾಲಿಗೆ ಹಳೆಯ ರೂಢಿ, ಕೈಗೆ ಹೊಸ ಗಾಡಿ. ಇಳುಕಲಿನಲ್ಲಿ ಇವೆರಡೂ ಹೊಂದುವುದಿಲ್ಲ.

ನಮ್ಮ ತಾಲೂಕಿನಲ್ಲಿ ಸಹ್ಯಾದ್ರಿಯಂಥ ಘಾಟ್ ಇಲ್ಲ, ಇಳುಕಲುಗಳು ಗಿಡ್ಡ. ಅದಕ್ಕೇ ಜನ ಸಸಾರ ಮಾಡುತ್ತಾರೆ. ಆದರೆ ಇಲ್ಲಿ ಕೆಡುಕು ಎತ್ತರದಿಂದ ಬರುವುದಿಲ್ಲ, ನೆಲದಿಂದ ಬರುತ್ತದೆ. ಗಟ್ಟಿ ಕರಿಗಲ್ಲಿನ ಮೇಲೆ ಸಡಿಲ ಗರಸು ಹರಡಿಕೊಂಡಿರುತ್ತದೆ. ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಅದರ ಕೆಳಗಿನ ಹರಳು ಉರುಳುತ್ತದೆ, ಗಾಡಿ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಆದ್ದರಿಂದ ಗಾಡಿಯನ್ನು ಹಿಡಿದಿಡುವ ಕೆಲಸ ಎಂಜಿನ್ನಿನದು. ಬ್ರೇಕ್ ಇರುವುದು ಅಲ್ಲಲ್ಲಿ ಸರಿಪಡಿಸಿಕೊಳ್ಳಲು. ಕೆಳಗಿನ ಎಲ್ಲ ಮಾತಿಗೂ ಇದೇ ಬುನಾದಿ.

ಗೇರ್‌ಬಾಕ್ಸ್ ಯಾವುದೆಂದು ಮೊದಲು ತಿಳಿಯಿರಿ

ಆಟೋಮ್ಯಾಟಿಕ್ ಎಂದರೆ ಒಂದೇ ಜಾತಿಯಲ್ಲ. ಥಾರ್, ಸ್ಕಾರ್ಪಿಯೊ-ಎನ್, ಫಾರ್ಚುನರ್, ಜಿಮ್ನಿಗಳಲ್ಲಿರುವುದು ಟಾರ್ಕ್ ಕನ್ವರ್ಟರ್. ಅದರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಬಲ ಎಣ್ಣೆಯ ಮೂಲಕ ದಾಟುತ್ತದೆ. ವೇಗ ತೀರ ಇಳಿದಾಗ ಎಣ್ಣೆಯ ಈ ಹಿಡಿತ ಸಡಿಲವಾಗುತ್ತದೆ. ಕ್ಲಚ್ ಗಾಡಿ ಮೊದಲ ಗೇರ್‌ನಲ್ಲಿ ಕಚ್ಚಿ ಹಿಡಿದಂತೆ ಇದು ಹಿಡಿಯುವುದಿಲ್ಲ. ಲೋ ರೇಂಜ್ ಹಾಕಿ ಸಣ್ಣ ಗೇರ್ ಹಿಡಿದರೆ ಮಾತ್ರ ಒಳಗಿನ ಸುತ್ತು ಏರಿ ಹಿಡಿತ ಮರಳಿ ಬರುತ್ತದೆ.

ಎಎಂಟಿ ಗಾಡಿಗಳ ಮಾತು ಬೇರೆ, ಅವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಾರುತಿಯ ಎಜಿಎಸ್, ಟಾಟಾ ಪಂಚ್‌ನ ಎಎಂಟಿ ಇವುಗಳ ಒಳಗಿರುವುದು ಮಾಮೂಲಿ ಕ್ಲಚ್ಚೇ. ನಿಮ್ಮ ಕಾಲಿನ ಬದಲು ಯಂತ್ರ ಅದನ್ನು ಒತ್ತುತ್ತದೆ. ವೇಗ ಮನುಷ್ಯನ ನಡಿಗೆಯ ಮಟ್ಟಕ್ಕೆ ಇಳಿದರೆ, ಎಂಜಿನ್ ಬಂದ್ ಬೀಳದಿರಲೆಂದು ಯಂತ್ರ ಕ್ಲಚ್ ಬಿಡಿಸಿಬಿಡುತ್ತದೆ. ಆ ಗಳಿಗೆಯಿಂದ ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆಯೇ. ಗಂಟೆ ಬಾರಿಸುವುದಿಲ್ಲ, ದೀಪ ಹತ್ತುವುದಿಲ್ಲ, ಗಾಡಿ ಒಮ್ಮೆಗೇ ಹಗುರಾಗಿ ಓಡತೊಡಗುತ್ತದೆ. ಡ್ಯುಯಲ್ ಕ್ಲಚ್ ಗಾಡಿಗಳೂ ಆಮೆವೇಗದಲ್ಲಿ ಹೀಗೆ ಮಾಡುತ್ತವೆ. ಇವೆರಡರಲ್ಲೂ ಕಾಲು ಬ್ರೇಕ್ ಪೆಡಲಿನ ಮೇಲೆ ತಯಾರಿರಲೇಬೇಕು. ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಸಿವಿಟಿ ಇದ್ದವರು ‘ಎಲ್’ ಅಥವಾ ‘ಬಿ’ ಹಾಕಿ. ಬ್ಯಾಟರಿ ಗಾಡಿಯವರಿಗೆ ಒಂದೇ ಮಾತು: ಚಾರ್ಜ್ ಪೂರ್ತಿ ತುಂಬಿದ್ದಾಗ ಮೋಟಾರಿನ ಹಿಡಿತ ಕಡಿಮೆ. ಬ್ಯಾಟರಿಯಲ್ಲಿ ಜಾಗವೇ ಇಲ್ಲದಾಗ ಆ ಶಕ್ತಿ ಹೋಗುವುದಾದರೂ ಎಲ್ಲಿಗೆ?

ಇಳುಕಲಿನ ನೆತ್ತಿಯ ಮೇಲೆ

ನಿಲ್ಲಿಸಿ. ಇಳಿಯಿರಿ. ನಡೆದು ನೋಡಿ. ಈ ಮೂರನ್ನು ಬಿಟ್ಟವರಿಗೆ ಉಳಿದ ಯಾವ ಸೂಚನೆಯೂ ಉಪಯೋಗಕ್ಕೆ ಬಾರದು. ಮಳೆನೀರು ಕೊರೆದ ಕಾಲುವೆ ಎಲ್ಲಿ ಅಡ್ಡ ಬರುತ್ತದೆ, ಒಡ್ಡು ಎಲ್ಲಿ ಒಡೆದಿದೆ, ತಿರುವು ಇಳುಕಲಿನ ನಡುವೆ ಇದೆಯೋ ತಳದಲ್ಲಿದೆಯೋ, ತಳ ಮುಟ್ಟಿದ ಮೇಲೆ ಗಾಡಿ ಓಡಿ ನಿಲ್ಲಲು ಬಯಲಿದೆಯೋ ಇಲ್ಲವೋ ನೋಡಿಕೊಳ್ಳಿ. ಕಾಲಿನ ಚಪ್ಪಲಿ ಜಾರುವ ಹಾದಿಯಲ್ಲಿ ಗಾಲಿಯೂ ಜಾರುತ್ತದೆ.

ಗೇರ್ ಅಲ್ಲೇ ನಿರ್ಧಾರವಾಗಬೇಕು. ‘ಡಿ’ಯಲ್ಲಿ ಇಳಿಯಬೇಡಿ. ಪೆಡಲ್ ಬಿಟ್ಟರೆ ಇಂಧನ ಉಳಿಸಲು ಮೇಲಿನ ಗೇರ್‌ಗೆ ಹೋಗುವುದೇ ‘ಡಿ’ಯ ಸ್ವಭಾವ, ಇಳುಕಲಿನಲ್ಲಿ ನಮಗೆ ಬೇಕಾದದ್ದು ಅದಕ್ಕೆ ತಿರುವುಮುರುವು. ಈಚಿನ ಕೆಲವು ಗಾಡಿಗಳು ಇಳುಕಲನ್ನು ಗುರುತಿಸಿ ಗೇರ್ ಇಳಿಸಿಕೊಳ್ಳುತ್ತವೆ, ನಿಜ. ಅದನ್ನು ಹೆದ್ದಾರಿಯಲ್ಲಿ ನಂಬಿ, ಗರಸಿನ ಮೇಲೆ ನಂಬಬೇಡಿ.

ಫೋರ್ ವೀಲ್ ಡ್ರೈವ್ ಇದ್ದವರು ಪೂರ್ತಿ ನಿಂತು, ಬ್ರೇಕ್ ಒತ್ತಿ ಹಿಡಿದು, ನ್ಯೂಟ್ರಲ್‌ಗೆ ತಂದು ‘4ಎಲ್’, ಅಂದರೆ ಲೋ ರೇಂಜ್, ಹಾಕಿ. ಇದನ್ನು ಸಮತಟ್ಟು ನೆಲದಲ್ಲೇ ಮಾಡಿ. ನೆತ್ತಿ ದಾಟಿ ಮೂತಿ ಕೆಳಗಾದ ಮೇಲೆ ಲೀವರ್ ಹುಡುಕುವವರನ್ನು ನೋಡಿದ್ದೇವೆ. ಗೇರ್ ನ್ಯೂಟ್ರಲ್‌ನಲ್ಲಿ, ಗಾಡಿ ಇಳುಕಲಿನಲ್ಲಿ, ದೇವರು ಮೇಲೆ! ಜಿಮ್ನಿಯ ಲೋ ರೇಂಜ್ ಅದೇ ಎಂಜಿನ್ ಸುತ್ತಿಗೆ ಗಾಲಿಯ ವೇಗವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಆಮೇಲೆ ಜಿಮ್ನಿಯಲ್ಲಿ ‘ಎಲ್’ ಹಾಕಿ; ಥಾರ್‌ನಂಥ ಗಾಡಿಗಳಲ್ಲಿ ಮ್ಯಾನುಯಲ್ ಬದಿಗೆ ಸರಿಸಿ 1ನೇ ಗೇರ್ ಹಿಡಿಯಿರಿ. ಪರದೆಯ ಮೇಲೆ 1 ಕಾಣುವ ತನಕ ಬ್ರೇಕ್ ಬಿಡಬೇಡಿ. ಕೆಲವು ಗಾಡಿಗಳಲ್ಲಿ ಕಾಣುವ ಅಂಕಿ ಈಗಿನ ಗೇರ್ ಅಲ್ಲ, ಅದು ಏರಬಹುದಾದ ಕೊನೆಯ ಗೇರ್. ನಿಮ್ಮದು ಯಾವ ಬಗೆ ಎಂದು ಗಾಡಿಯ ಪುಸ್ತಕ ನೋಡಿ ತಿಳಿದಿರಿ. ‘4ಎಲ್’ನಲ್ಲಿ ಒಣ ಡಾಂಬರಿನ ಮೇಲೆ ಓಡಿಸಬಾರದು, ಹಾದಿ ರಸ್ತೆ ಮುಟ್ಟಿದ ಕೂಡಲೇ ತೆಗೆಯಿರಿ.

ಎರಡು ಗಾಲಿಯ ಡ್ರೈವ್ ಇದ್ದವರಿಗೆ ಬೇರೊಂದು ಎಚ್ಚರ. ಎಂಜಿನ್ ಹಿಡಿತ ತಾಗುವುದು ಡ್ರೈವ್ ಇರುವ ಗಾಲಿಗೆ ಮಾತ್ರ. ಸ್ಕಾರ್ಪಿಯೊ-ಎನ್‌ನ ಟೂ ವೀಲ್ ಮಾದರಿಯಲ್ಲಿ ಅದು ಹಿಂದಿನ ಗಾಲಿ. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಗಾಲಿ ಹಗುರಾಗಿರುತ್ತದೆ. ಆ ಹೊತ್ತಿಗೆ ಗೇರನ್ನು ದಡಕ್ಕನೆ ಇಳಿಸಿದರೆ ಹಿಂಬದಿ ಪಕ್ಕಕ್ಕೆ ಬೀಸುತ್ತದೆ. ಸಣ್ಣ ಗೇರ್ ಹಿಡಿಯಬೇಕಾದದ್ದು ನೆತ್ತಿಯ ಮೇಲೆ ಎಂದು ಒತ್ತಿ ಹೇಳುವುದು ಇದಕ್ಕೇ.

ಇಳಿಯುವಾಗ

ನೇರ ಇಳಿಯಿರಿ. ಇಳುಕಲು ಕಡಿದಾಗಿದೆ ಎಂದು ಓರೆಯಾಗಿ ಇಳಿಸಬೇಡಿ. ಜಾರಿದ ಗಾಡಿಯ ಕೆಳಬದಿಯ ಗಾಲಿ ಕಲ್ಲಿಗೆ ತಾಗಿತೆಂದರೆ ಗಾಡಿ ಉರುಳುತ್ತದೆ. ಚಾವಣಿಯ ಮೇಲೆ ಸಾಮಾನು ಕಟ್ಟಿದ ಎತ್ತರದ ಗಾಡಿಗಳಂತೂ ಇನ್ನೂ ಬೇಗ.

ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ, ಒತ್ತಿ ಹಿಡಿಯಬೇಡಿ. ಲೆಕ್ಕ ಬೇಕಾದವರಿಗೆ ಲೆಕ್ಕ: 1500 ಕಿಲೋ ತೂಕದ ಗಾಡಿ 100 ಮೀಟರ್ ಕೆಳಕ್ಕಿಳಿದಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲೀಟರ್‌ಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಎಂಜಿನ್ ಹಿಡಿಯದಿದ್ದರೆ ಆ ಕಾವಿನ ಬಹುಪಾಲು ಬ್ರೇಕ್ ಪ್ಯಾಡ್, ಡಿಸ್ಕ್‌ಗಳೇ ನುಂಗಬೇಕು. ಕಾದ ಬ್ರೇಕ್ ಮೊದಲು ನಾರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ, ಆಮೇಲೆ ಹಿಡಿಯುವುದಿಲ್ಲ. ನಾತ ಬಂದ ಕೂಡಲೇ ಸಮತಟ್ಟಿನಲ್ಲಿ ನಿಲ್ಲಿಸಿ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಡೊಂಕಾಗುತ್ತದೆ. ಕ್ಯಾನಿನ ನೀರು ಕುಡಿಯಲು ಇರಲಿ; ಜತ್ತದ ಬೇಸಿಗೆಯಲ್ಲಿ ಅದು ಬ್ರೇಕಿಗಿಂತ ಮುಖ್ಯ.

ಗಾಲಿ ಲಾಕ್ ಆಗಿ ಗಾಡಿ ಜಾರತೊಡಗಿದರೆ ಬ್ರೇಕ್ ಸ್ವಲ್ಪ ಸಡಿಲಿಸಿ. ಮನಸ್ಸು ಒಪ್ಪುವುದಿಲ್ಲ, ಆದರೂ ಸಡಿಲಿಸಿ. ತಿರುಗುವ ಗಾಲಿಗೆ ಮಾತ್ರ ಸ್ಟಿಯರಿಂಗ್ ಮಾತು ಕೇಳುತ್ತದೆ. ಎಬಿಎಸ್ ಇದೆಯಲ್ಲ ಎನ್ನಬೇಡಿ. ಸಡಿಲ ಗರಸಿನ ಮೇಲೆ ಎಬಿಎಸ್ ಗಾಡಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಹಿಂಬದಿ ಪಕ್ಕಕ್ಕೆ ಬೀಸಿದರೆ, ಅದು ಬೀಸಿದ ಕಡೆಗೇ ಸ್ಟಿಯರಿಂಗ್ ಕೊಟ್ಟು ಆಕ್ಸಿಲರೇಟರ್ ತುಸು ಮುಟ್ಟಿ, ಗಾಲಿ ಮತ್ತೆ ನೆಲದ ವೇಗಕ್ಕೆ ಕೂಡಿಕೊಳ್ಳಲಿ.

ನ್ಯೂಟ್ರಲ್ ಹಾಕಬೇಡಿ. ಎಂಜಿನ್ ಬಂದ್ ಮಾಡಬೇಡಿ. ಎರಡು ರೂಪಾಯಿ ಡೀಸೆಲ್ ಉಳಿಸುವ ಈ ಹಳೆಯ ಚಟ ಟೆಂಪೊ ಕಾಲದ್ದು. ಎಂಜಿನ್ ನಿಂತರೆ ಬ್ರೇಕಿಗೆ ಬೂಸ್ಟರ್ ನೆರವು ಕೆಲವೇ ಒತ್ತಿಗೆ ಮುಗಿಯುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. ಉಳಿತಾಯವೂ ಸುಳ್ಳು: ಈಗಿನ ಎಂಜಿನ್‌ಗಳು ಗೇರ್‌ನಲ್ಲಿ ಇಳಿಯುವಾಗ ಸುತ್ತು ಸಾಕಷ್ಟಿದ್ದರೆ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಮಾತ್ರ ಕುಡಿಯುತ್ತಲೇ ಇರುತ್ತವೆ.

ಹಿಲ್ ಡಿಸೆಂಟ್ ಕಂಟ್ರೋಲ್ ಗುಂಡಿ ಇದ್ದರೆ ಒತ್ತಿ. ಆದರೆ ಅದು ಏನು ಮಾಡುತ್ತದೆಂದು ಗೊತ್ತಿರಲಿ. ಲ್ಯಾಂಡ್ ರೋವರ್ ಕಂಪನಿ 1997ರ ಫ್ರೀಲ್ಯಾಂಡರ್ ಗಾಡಿಯಲ್ಲಿ ಇದನ್ನು ತಂದಿತು. ಆ ಗಾಡಿಗೆ ಲೋ ರೇಂಜ್ ಇರಲಿಲ್ಲ, ಅದರ ಕೊರತೆ ತುಂಬಲು ಎಬಿಎಸ್ ಪಂಪಿನಿಂದ ಒಂದೊಂದೇ ಗಾಲಿಗೆ ಬ್ರೇಕ್ ಹಾಕಿಸುವ ಉಪಾಯ ಹುಡುಕಿದರು. ಅಂದರೆ ಇದು ಕೂಡ ಬ್ರೇಕೇ. ಉದ್ದ ಇಳುಕಲಿನಲ್ಲಿ ಇದೂ ಕಾಯುತ್ತದೆ. ಲೋ ರೇಂಜ್ ಇದ್ದವರು ಎರಡನ್ನೂ ಕೂಡಿಸಿ ಬಳಸಿ. ಗುಂಡಿ ಒತ್ತಿದ ಮೇಲೆ ಕೆಳಗಿನಿಂದ ಕರಕರ ಸದ್ದು ಬರುತ್ತದೆ, ಪೆಡಲ್ ತಾನಾಗಿ ಅದುರುತ್ತದೆ. ಗಾಬರಿಬಿದ್ದು ನ್ಯೂಟ್ರಲ್ ಹಾಕಬೇಡಿ, ಆಕ್ಸಿಲರೇಟರ್ ಒತ್ತಬೇಡಿ.

ಏರು ಹತ್ತಲಾರದೆ ನಡುವೆ ನಿಂತರೆ ತಿರುಗಿಸಿಕೊಳ್ಳುವ ಸಾಹಸ ಬೇಡ. ಬ್ರೇಕ್ ಹಿಡಿದು ‘ಆರ್’ ಹಾಕಿ, ಹತ್ತಿದ ಜಾಡಿನಲ್ಲೇ ನೇರ ಹಿಂದಕ್ಕೆ ಇಳಿಯಿರಿ. ‘ಡಿ’ಯಲ್ಲಿಟ್ಟು ಹಿಂದಕ್ಕೆ ಉರುಳಲು ಬಿಟ್ಟರೆ ಎಂಜಿನ್ ಬಂದ್ ಬೀಳಬಹುದು.

ನಮ್ಮ ನೆಲದ ಮಾತು

ಎರೆ ಹೊಲದ ಹಾದಿ ಹಸಿಯಿದ್ದಾಗ ಇಳಿಯಬಾರದು. ಇದಕ್ಕೆ ಉಪಾಯವಿಲ್ಲ. ಗಾಲಿಯ ಹಲ್ಲಿಗೆ ಮಣ್ಣು ಮೆತ್ತಿಕೊಂಡರೆ ‘4ಎಲ್’ ಆಗಲಿ ಹಿಲ್ ಡಿಸೆಂಟ್ ಗುಂಡಿಯಾಗಲಿ ಹಿಡಿಯುವುದು ಆ ಮಣ್ಣನ್ನೇ. ನಮ್ಮ ಕಡೆ ಒಳ್ಳೆಯ ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬರುತ್ತದೆ. ಬಿಸಿಲು ಬಿದ್ದು ಮೇಲ್ಪದರ ಒಣಗಿದ್ದು ನೋಡಿ ಹೊರಡಬೇಡಿ, ಒಳಗೆ ಹಸಿಯಿರುತ್ತದೆ. ಕೋಲು ಚುಚ್ಚಿ ನೋಡಿ.

ಬೋರ ನದಿಗೆ, ಅದಕ್ಕೆ ಸೇರುವ ಹಳ್ಳಗಳಿಗೆ ಇಳಿಯುವ ದಾರಿ ಉಸುಕಿನಲ್ಲಿ ಮುಗಿದರೆ ತಳದಲ್ಲಿ ಬ್ರೇಕ್ ಹಾಕಿ ನಿಲ್ಲಬೇಡಿ. ಮೂತಿ ಭಾರದಿಂದ ಮುಂದಿನ ಗಾಲಿ ಹೂತುಕೊಳ್ಳುತ್ತದೆ. ಇಳುಕಲಿನ ಕೊನೆಯ ಗಾಡಿಯುದ್ದ ಬ್ರೇಕ್ ಬಿಟ್ಟು, ಅದೇ ಸಣ್ಣ ಗೇರ್‌ನಲ್ಲಿ ಸಣ್ಣಗೆ ಆಕ್ಸಿಲರೇಟರ್ ಕೊಡುತ್ತ ದಾಟಿ. ಹಳ್ಳದಲ್ಲಿ ನೀರು ಹರಿಯುತ್ತಿದ್ದರೆ ದಾಟುವುದೇ ಬೇಡ.

ಪವನಚಕ್ಕಿಯ ರಸ್ತೆಗಳು ಭಾರಿ ಲಾರಿಗಳಿಗಾಗಿ ಕಡಿದವು, ಅಗಲವಾಗಿವೆ. ಆ ಅಗಲವೇ ಮೋಸ. ವೇಗ ತಾನಾಗಿ ಏರುತ್ತದೆ, ತಿರುವಿನಲ್ಲಿ ಗರಸು ಕಾದಿರುತ್ತದೆ. ಕಂಪನಿಯ ಅನುಮತಿ ಇಲ್ಲದೆ ಹೋಗಬೇಡಿ; ಗೇಟು ತೆರೆದಿದ್ದರೆ ಅನುಮತಿ ಸಿಕ್ಕಂತಲ್ಲ.

ಕಿರಿದಾದ ಇಳುಕಲಿನಲ್ಲಿ ಏರಿ ಬರುವವರಿಗೆ ಮೊದಲ ಹಕ್ಕು. ಕಾನೂನೂ ಅದನ್ನೇ ಹೇಳುತ್ತದೆ. ಟ್ರಾಲಿ ತುಂಬಿದ ಟ್ರ್ಯಾಕ್ಟರ್ ಏರಿನ ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ. ನೀವು ನೆತ್ತಿಯ ಮೇಲೇ ಕಾಯಿರಿ. ಮಾಡಗ್ಯಾಳ ಕುರಿಗಳ ಹಿಂಡು ಹಾದಿಗೆ ಬಂದರೆ ಹಾರ್ನ್ ಬೇಡ. ಬೆದರಿದ ಕುರಿ ನಿಮ್ಮ ಗಾಡಿಯ ಮುಂದಕ್ಕೇ ಓಡಬಹುದು. ಜಾತ್ರೆಯ ದಿನಗಳಲ್ಲಿ ಗುಡ್ಡಾಪುರಕ್ಕೆ ಕರ್ನಾಟಕದ ಕಡೆಯಿಂದ ಜನ ಇರುಳಲ್ಲೂ ನಡೆದು ಬರುತ್ತಾರೆ. ಆ ದಿನಗಳಲ್ಲಿ ಕತ್ತಲಾದ ಮೇಲೆ ಒಳಹಾದಿಯ ಇಳುಕಲಿಗೆ ಗಾಡಿ ಇಳಿಸಬಾರದು, ಯಾವ ಗೇರ್‌ನಲ್ಲೂ.

ನಿಲ್ಲಿಸುವಾಗ

ಇಳುಕಲಿನಲ್ಲಿ ‘ಪಿ’ ಒಂದನ್ನೇ ನಂಬಿ ಇಳಿಯಬೇಡಿ. ಗಾಡಿಯ ಇಡೀ ಭಾರ ಗೇರ್‌ಬಾಕ್ಸ್‌ನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಕಾಲು ಬ್ರೇಕ್ ಹಿಡಿದು ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಭಾರ ಅದರ ಮೇಲೆ ಕೂರಲಿ, ಆಮೇಲೆ ‘ಪಿ’. ಎಎಂಟಿ ಗಾಡಿಗಳಲ್ಲಿ ಸಾಮಾನ್ಯವಾಗಿ ‘ಪಿ’ ಇರುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು ಎಂಜಿನ್ ಬಂದ್ ಮಾಡಿ. ಎರಡಕ್ಕೂ ಗಾಲಿಗೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಹಾದಿಯಿಂದ ಆಚೆ ಎಸೆಯಿರಿ. ಹಿಂದಿನವರು ಬಿಟ್ಟುಹೋದ ಕಲ್ಲು ಮುಂದಿನವರ ಬೈಕನ್ನು ಬೀಳಿಸುತ್ತದೆ, ನಮ್ಮ ಜನಕ್ಕೆ ಇದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಕಡಿದಾದ ಕಡೆ ಮಕ್ಕಳನ್ನೂ ಹಿರಿಯರನ್ನೂ ಮೇಲೆಯೇ ಇಳಿಸಿ, ನಡೆದು ಬರಲಿ. ನಡೆಯಲಾರದವರು ಜೊತೆಗಿದ್ದರೆ ಆ ಹಾದಿಯೇ ಬೇಡ. ಏನಾದರೂ ಆದರೆ 112ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಗಡಿ ಹತ್ತಿರದ ಊರುಗಳಲ್ಲಿ ಫೋನು ಕರ್ನಾಟಕದ ಟವರ್ ಹಿಡಿದಿದ್ದರೆ ಕರೆ ಅತ್ತ ಹೋಗಬಹುದು. ಆದ್ದರಿಂದ ಮಾತು ಶುರುಮಾಡುವಾಗಲೇ ಮಹಾರಾಷ್ಟ್ರ, ಸಾಂಗಲಿ ಜಿಲ್ಲೆ, ಜತ್ತ ತಾಲೂಕು ಎಂದು ಹೇಳಿ, ಆಮೇಲೆ ಊರಿನ ಹೆಸರು, ಆಮೇಲೆ ಡಾಂಬರು ರಸ್ತೆಯಿಂದ ಎಷ್ಟು ಒಳಗೆ ಇದ್ದೀರಿ ಎಂಬುದು.